ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಯಿದೋಣಿಯಲ್ಲಿ ಸಾಗರ ದಾಟಿದವರನ್ನು ನೆಂಟರು, ಸಹೋದ್ಯೋಗಿಗಳು, ಪತ್ರ ಬರೆಯುವ ಓದುಗರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಸೇರಿಸಿದೆ. ಬೇರೆ ಹೇಳದಿದ್ದ ಕಡೆಯೆಲ್ಲ ಉತ್ತರಗಳು ಒಂದೇ ಮಾರ್ಗಕ್ಕೆ ಸಂಬಂಧಿಸಿದವು. ಅದು ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪಕ್ಕೆ ಹೋಗುವ ದಾರಿ. ದೋಣಿಯೆಂದರೆ ಸುಮಾರು ನಲವತ್ತು ಅಡಿ ಉದ್ದದ, ನಾಲ್ಕು ಜನರಿರುವ ಯಾಟ್ ಎಂದು ಭಾವಿಸಿಕೊಳ್ಳಬೇಕು.

## ಮೊದಲು ಕೇಳುವವು

ಎಷ್ಟು ದೂರ? ಎಷ್ಟು ದಿನ ಬೇಕು?

ದೂರ ಸುಮಾರು 2700 ನಾಟಿಕಲ್ ಮೈಲಿ, ಅಂದರೆ ಸರಿಸುಮಾರು 5000 ಕಿಲೋಮೀಟರ್. ಇಂಥ ದೋಣಿ ಸರಾಸರಿ ಐದರಿಂದ ಆರು ನಾಟ್, ಅಂದರೆ ಗಂಟೆಗೆ ಐದಾರು ನಾಟಿಕಲ್ ಮೈಲಿ ವೇಗದಲ್ಲಿ ಚಲಿಸುತ್ತದೆ. ದಾರಿಯಲ್ಲಿ ಓಡುವವನ ವೇಗಕ್ಕಿಂತ ಅದು ಹೆಚ್ಚೇನಲ್ಲವಾದರೂ ದೋಣಿ ಇಪ್ಪತ್ತನಾಲ್ಕು ಗಂಟೆಯೂ ಚಲಿಸುತ್ತಲೇ ಇರುವುದರಿಂದ ದಿನಕ್ಕೆ 120ರಿಂದ 150 ಮೈಲಿ ಸಾಗುತ್ತದೆ. ಹದಿನೆಂಟರಿಂದ ಇಪ್ಪತ್ತೆರಡು ದಿನ ಬೇಕಾಗುತ್ತದೆಂದು ಲೆಕ್ಕ ಹಾಕಿ, ಮೂವತ್ತು ದಿನಕ್ಕಾಗುವಷ್ಟು ಸಾಮಾನು ತುಂಬಿಕೊಳ್ಳುವುದು ವಾಡಿಕೆ.

ಯಾವ ತಿಂಗಳಲ್ಲಾದರೂ ಹೊರಡಬಹುದೇ?

ಹೊರಡಬಾರದು. ಅಟ್ಲಾಂಟಿಕ್‌ನಲ್ಲಿ ಚಂಡಮಾರುತಗಳ ಕಾಲವನ್ನು ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಎಣಿಸಲಾಗುತ್ತದೆ. ಆದ್ದರಿಂದ ಹೆಚ್ಚಿನ ದೋಣಿಗಳು ನವೆಂಬರ್ ಕೊನೆಯಿಂದ ಜನವರಿಯ ನಡುವೆ ಹೊರಡುತ್ತವೆ. ಅಷ್ಟು ಹೊತ್ತಿಗೆ, ನಾವು ಶಾಲೆಯ ಭೂಗೋಳ ಪುಸ್ತಕದಲ್ಲಿ ಓದಿದ ಈಶಾನ್ಯ ವಾಣಿಜ್ಯ ಮಾರುತಗಳು ನೆಲೆಗೊಂಡು ಬೆನ್ನಹಿಂದಿನಿಂದ ಹದಿನೈದರಿಂದ ಇಪ್ಪತ್ತೈದು ನಾಟ್ ವೇಗದಲ್ಲಿ ಬೀಸತೊಡಗಿರುತ್ತವೆ. 1986ರಿಂದ ಪ್ರತಿವರ್ಷ ನವೆಂಬರಿನಲ್ಲಿ ಲಾಸ್ ಪಾಲ್ಮಾಸ್‌ನಿಂದ ನೂರಾರು ದೋಣಿಗಳು ಸಾಮೂಹಿಕವಾಗಿ ಹೊರಡುವ ಪದ್ಧತಿಯೂ ಇದೆ. ಗಾಳಿ ಹಿಂದಿನಿಂದ ಬರುವ ಈ ದಾರಿಯನ್ನು ಹಿಡಿದವರಲ್ಲಿ ಕೊಲಂಬಸ್ ಕೂಡ ಒಬ್ಬ. 1492ರ ಸೆಪ್ಟೆಂಬರ್ 6ರಂದು ಕ್ಯಾನರಿಯ ಲಾ ಗೊಮೆರಾ ದ್ವೀಪದಿಂದ ಹೊರಟ ಅವನು ಅಕ್ಟೋಬರ್ 12ರಂದು ಆಚೆ ದಡ ಮುಟ್ಟಿದ. ಋತುವಿನ ದೃಷ್ಟಿಯಿಂದ ನೋಡಿದರೆ ಅವನ ಅದೃಷ್ಟ ಚೆನ್ನಾಗಿತ್ತೆಂದೇ ಹೇಳಬೇಕು.

ಅಲ್ಲ, ರಾತ್ರಿ ಹೊತ್ತು ದೋಣಿಯನ್ನು ಎಲ್ಲಿ ನಿಲ್ಲಿಸುತ್ತೀರಿ?

ಎಲ್ಲಿಯೂ ಇಲ್ಲ. ದಾರಿಯ ಬಹುಪಾಲಿನಲ್ಲಿ ನೀರಿನ ಆಳ ನಾಲ್ಕೈದು ಸಾವಿರ ಮೀಟರ್ ಇರುತ್ತದೆ, ದೋಣಿಯಲ್ಲಿರುವ ಲಂಗರಿನ ಸರಪಳಿಯ ಉದ್ದ ಐವತ್ತೋ ಎಂಬತ್ತೋ ಮೀಟರ್. ದೋಣಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ, ಒಬ್ಬರು ಎದ್ದಿರುತ್ತಾರೆ, ಉಳಿದವರು ಮಲಗುತ್ತಾರೆ.

ಗಾಳಿ ನಿಂತುಹೋದರೆ ಇಂಜಿನ್ ಹಾಕಿಕೊಂಡು ಹೋಗಬಹುದಲ್ಲ?

ಸ್ವಲ್ಪ ದೂರ ಹೋಗಬಹುದು. ಟ್ಯಾಂಕಿನಲ್ಲಿ ಇನ್ನೂರು, ಮುನ್ನೂರು ಲೀಟರ್ ಡೀಸೆಲ್ ಇದ್ದು, ಇಂಜಿನ್ ಗಂಟೆಗೆ ಸುಮಾರು ಮೂರು ಲೀಟರ್ ಕುಡಿಯುತ್ತದೆಂದರೆ, ನಾನೂರು ಐನೂರು ಮೈಲಿಗೆ ಇಂಧನ ಮುಗಿಯುತ್ತದೆ. ಇದು ಇಡೀ ದಾರಿಯ ಐದನೆಯ ಒಂದು ಭಾಗವೂ ಆಗುವುದಿಲ್ಲ. ಬ್ಯಾಟರಿಗೂ, ಕೊನೆಗೆ ಬಂದರು ಪ್ರವೇಶಿಸುವುದಕ್ಕೂ ಒಂದಷ್ಟು ಉಳಿಸಿಕೊಳ್ಳಬೇಕು. ಹಾಗಾಗಿ ಗಾಳಿ ಸತ್ತ ದಿನ ಹಾಯಿ ಇಳಿಸಿ, ಬಟ್ಟೆ ಒಗೆದು, ದುರಸ್ತಿ ಕೆಲಸ ಮುಗಿಸಿಕೊಂಡು ಕಾಯುವವರೇ ಹೆಚ್ಚು.

ನಮ್ಮ ದೇಶದವರು ಯಾರಾದರೂ ಇಂಥದ್ದು ಮಾಡಿದ್ದಾರೆಯೇ?

ಇದಕ್ಕಿಂತ ಬಹಳ ದೊಡ್ಡದನ್ನೇ ಮಾಡಿದ್ದಾರೆ. ಗೋವಾದ ದಿವಾರ್ ದ್ವೀಪದ ದೋಣಿ ಕಟ್ಟೆಯಲ್ಲಿ ನಿರ್ಮಾಣವಾದ ಐ.ಎನ್.ಎಸ್.ವಿ. ಮ್ಹಾದೇಯಿ ಎಂಬ ಹಾಯಿದೋಣಿಯಲ್ಲಿ ನೌಕಾಪಡೆಯ ದಿಲೀಪ್ ದೊಂದೆಯವರು 2009–10ರಲ್ಲಿ, ನಡುನಡುವೆ ಬಂದರುಗಳಲ್ಲಿ ನಿಂತು, ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದರು. ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿಯವರು 2012ರ ನವೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಎಲ್ಲಿಯೂ ನಿಲ್ಲದೆ, 2013ರ ಮಾರ್ಚ್ 31ರಂದು ಮರಳಿದರು. 2017–18ರಲ್ಲಿ ವರ್ತಿಕಾ ಜೋಶಿಯವರ ನೇತೃತ್ವದಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಐ.ಎನ್.ಎಸ್.ವಿ. ತಾರಿಣಿಯಲ್ಲಿ ಜಗತ್ತು ಸುತ್ತಿದರು. 2024ರ ಅಕ್ಟೋಬರಿನಿಂದ 2025ರ ಮೇ ತಿಂಗಳವರೆಗೆ ಅದೇ ತಾರಿಣಿಯನ್ನು ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ನಡೆಸಿದರು. ಗೋವಾದಿಂದ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ವರೆಗಿನ ಅವರ ಮೊದಲ ಹಂತಕ್ಕೇ ಐದು ವಾರಗಳಿಗೂ ಹೆಚ್ಚು ಹಿಡಿಯಿತು. ಕಾರವಾರದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಕಟ್ಟಿದ ದೋಣಿಗಳು ದಕ್ಷಿಣ ಸಾಗರದ ಅಲೆಗಳನ್ನು ದಾಟಿ ಬಂದಿವೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದೇ ಇಲ್ಲ.

## ದೋಣಿಯೊಳಗಿನ ದಿನಗಳು

ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತೀರಿ?

ಮುಖ್ಯ ಕೆಲಸ ಎರಡು: ಪಾಳಿ ಕಾಯುವುದು ಮತ್ತು ನಿದ್ದೆ ಮಾಡುವುದು. ನಾಲ್ವರಿದ್ದರೆ ರಾತ್ರಿ ಮೂರು ಮೂರು ಗಂಟೆಯ ಪಾಳಿ ಹಾಕಿಕೊಳ್ಳುತ್ತಾರೆ. ಒಂದು ಪಾಳಿ ಮುಗಿಸಿದವರಿಗೆ ಒಂಬತ್ತು ಗಂಟೆ ಬಿಡುವೆಂದು ಕಾಗದದ ಮೇಲೆ ಕಂಡರೂ ಅಡುಗೆ, ಪಾತ್ರೆ, ಹಾಯಿ ಬದಲಾವಣೆ, ಹವಾಮಾನ ನೋಡುವುದು, ಕೆಟ್ಟದ್ದನ್ನು ಸರಿಪಡಿಸುವುದು ಎಲ್ಲವೂ ಆ ಒಂಬತ್ತು ಗಂಟೆಯೊಳಗೇ ಬರುತ್ತವೆ. ಒಂದೇ ಸಲ ಎಂಟು ಗಂಟೆ ನಿದ್ದೆ ಯಾರಿಗೂ ಸಿಗುವುದಿಲ್ಲ. ಮಧ್ಯಾಹ್ನ ಒಂದೂವರೆ ಗಂಟೆ, ರಾತ್ರಿ ಮೂರೋ ನಾಲ್ಕೋ ಗಂಟೆ, ಮುಂಜಾನೆ ಮತ್ತೆ ಸ್ವಲ್ಪ, ಹೀಗೆ ತುಂಡು ತುಂಡಾಗಿ ನಿದ್ದೆಯನ್ನು ಕೂಡಿಸಿಕೊಳ್ಳಬೇಕು. ಮೊದಲ ಮೂರು ದಿನ ಇದು ಹಿಂಸೆಯೆನಿಸುತ್ತದೆ, ಐದನೆಯ ದಿನದ ಹೊತ್ತಿಗೆ ದೇಹ ತಾನೇ ಒಗ್ಗಿಕೊಳ್ಳುತ್ತದೆ.

ಸಾಗರಯಾನವೆಂದರೆ ಬಿರುಗಾಳಿಯೊಡನೆ ಹೋರಾಟವೆಂದು ತಿಳಿದವರಿಗೆ ಈ ಉತ್ತರ ನಿರಾಸೆ ತರಬಹುದು. ಆದರೆ ಹೊತ್ತಿಗೆ ಸರಿಯಾಗಿ ಎದ್ದು ಪಾಳಿ ವಹಿಸಿಕೊಳ್ಳುವವರು ನಾಲ್ವರಲ್ಲಿ ಎಷ್ಟು ಜನ ಎಂಬುದೇ ಒಂದು ಯಾನ ಸುಖವಾಗಿ ಮುಗಿಯುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುತ್ತದೆ. ಐದು ನಿಮಿಷ ತಡವಾಗಿ ಬರುವುದು ಇನ್ನೊಬ್ಬರ ನಿದ್ದೆಯಿಂದ ಐದು ನಿಮಿಷ ಕದ್ದ ಹಾಗೆಯೇ ಎಂದು ನಾವಿಕರು ಕಟ್ಟುನಿಟ್ಟಾಗಿ ಭಾವಿಸುತ್ತಾರೆ. ಆ ಕಟ್ಟುನಿಟ್ಟು ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ನನಗೆ ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿಯಾಗುತ್ತದೆ. ಸಮುದ್ರದಲ್ಲಿ ಗತಿಯೇನು?

ಬಸ್ಸಿನಲ್ಲಿ ತೊಂದರೆಯಾಗುವವರಿಗೆ ಸಮುದ್ರದಲ್ಲೂ ಆಗುವ ಸಾಧ್ಯತೆ ಹೆಚ್ಚು. ಆದರೆ ಘಾಟಿ ಒಂದು ಗಂಟೆಯಲ್ಲಿ ಮುಗಿದುಹೋಗುವುದರಿಂದ ಅಲ್ಲಿ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವೇ ಇರುವುದಿಲ್ಲ. ಸಮುದ್ರದಲ್ಲಿ ಬಹುತೇಕ ಜನ ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಳಗಿವಿ ಅಲುಗಾಟವನ್ನು ಗ್ರಹಿಸುತ್ತಿರುವಾಗ ಕಣ್ಣು ಅಲುಗಾಡದ ಕೋಣೆಯನ್ನು ನೋಡುತ್ತಿರುವುದೇ ತೊಂದರೆಯ ಮೂಲ. ಆದ್ದರಿಂದ ಮೇಲೆ ಬಂದು ದಿಗಂತವನ್ನು ನೋಡುವುದು, ಒಳಗಿರಬೇಕಾದಾಗ ಕಣ್ಣು ಮುಚ್ಚಿ ಮಲಗುವುದು, ಪುಸ್ತಕ ಮತ್ತು ಫೋನ್ ಪರದೆಗಳಿಂದ ದೂರವಿರುವುದು ನೆರವಾಗುತ್ತವೆ. ಸಿನ್ನಾರಿಜಿನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳಿ, ವಾಂತಿ ಶುರುವಾದ ಮೇಲಲ್ಲ, ಹೊರಡುವ ಮುನ್ನವೇ ತೆಗೆದುಕೊಳ್ಳಬೇಕು. ನಿಜವಾದ ಅಪಾಯ ವಾಂತಿಯಲ್ಲ, ಅದರಿಂದಾಗುವ ನಿರ್ಜಲೀಕರಣ. ಒಂದೊಂದೇ ಗುಟುಕಾಗಿ ಓ.ಆರ್.ಎಸ್. ಕುಡಿಸುತ್ತಲೇ ಇರಬೇಕು.

ಅಡುಗೆ ಹೇಗೆ? ಸಸ್ಯಾಹಾರಿಗಳಿಗೆ ಕಷ್ಟವಲ್ಲವೇ?

ಸಸ್ಯಾಹಾರಿಗಳಿಗೆ ಇದು ಎಲ್ಲರಿಗಿಂತ ಸುಲಭ. ಮಾಂಸಕ್ಕೆ ಫ್ರೀಜರ್ ಬೇಕು, ಫ್ರೀಜರಿಗೆ ವಿದ್ಯುತ್ ಬೇಕು. ಅಕ್ಕಿ, ಬೇಳೆ, ರವೆ, ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳಿಗೆ ಏನೂ ಬೇಡ. ಮೂರನೆಯ ವಾರದಲ್ಲಿ ಸೊಪ್ಪುಸದೆ ಎಲ್ಲ ಮುಗಿದು ಉಳಿದವರು ಡಬ್ಬಿಯ ಬಟಾಣಿ ತಿನ್ನುತ್ತಿರುವಾಗ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿದ ಹೆಸರುಕಾಳಿನ ಕೋಸಂಬರಿ ಮಾಡಬಲ್ಲವರಿಗೆ ದೋಣಿಯಲ್ಲಿ ವಿಶೇಷ ಗೌರವ ಸಿಗುತ್ತದೆ.

ಒಲೆಯನ್ನು ಎರಡು ಬದಿಯ ಗೂಟಗಳ ಮೇಲೆ ತೂಗಾಡುವಂತೆ ಕೂರಿಸಿರುತ್ತಾರೆ. ದೋಣಿ ಎಷ್ಟು ವಾಲಿದರೂ ಒಲೆ ಮಟ್ಟವಾಗಿಯೇ ಇರುತ್ತದೆ. ಪಾತ್ರೆ ಜಾರದಂತೆ ಲೋಹದ ಹಿಡಿಗಳಿರುತ್ತವೆ. ಇಷ್ಟಿದ್ದರೂ ಬಿಸಿ ನೀರು, ಬಿಸಿ ಎಣ್ಣೆಗಳಿಂದಾಗುವ ಸುಟ್ಟಗಾಯಗಳನ್ನು ನಾವಿಕರು ಬಹಳ ಹೆದರಿಕೆಯಿಂದ ನೋಡುತ್ತಾರೆ. ಹಾಗಾಗಿ ಮುಚ್ಚಳ ಬಿಗಿಯಾಗುವ ಪ್ರೆಶರ್ ಕುಕ್ಕರ್ ದೋಣಿಯ ಅತ್ಯುತ್ತಮ ಪಾತ್ರೆ. ಅದು ಉರುಳಿದರೂ ಒಳಗಿನದು ಮೈಮೇಲೆ ಚೆಲ್ಲುವುದಿಲ್ಲ, ಅನಿಲವೂ ಉಳಿಯುತ್ತದೆ. ಕರಿಯುವ ತಿಂಡಿಗಳನ್ನು ದಡ ಸೇರುವವರೆಗೆ ಮರೆತುಬಿಡಬೇಕು.

ಸಾಮಾನು ತುಂಬುವಾಗ ರಟ್ಟಿನ ಪೆಟ್ಟಿಗೆಗಳನ್ನು ಬಂದರಿನ ಕಟ್ಟೆಯ ಮೇಲೆಯೇ ಬಿಟ್ಟುಬರುತ್ತಾರೆ, ಏಕೆಂದರೆ ಅವುಗಳ ಸಂದಿಯಲ್ಲಿ ಜಿರಳೆಯ ಮೊಟ್ಟೆಗಳಿರಬಹುದು. ಎಲೆಕೋಸು, ಕುಂಬಳ, ಈರುಳ್ಳಿ, ಆಲೂಗಡ್ಡೆ, ನಿಂಬೆ ವಾರಗಟ್ಟಲೆ ಬಾಳುತ್ತವೆ. ಈರುಳ್ಳಿ ಮತ್ತು ಆಲೂಗಡ್ಡೆಗಳನ್ನು ಬೇರೆ ಬೇರೆ ಇಡಬೇಕು. ಮೊಟ್ಟೆ ತಿನ್ನುವವರು ಫ್ರಿಜ್ಜಿನಲ್ಲಿಡದ, ತೊಳೆಯದ ಮೊಟ್ಟೆಗಳನ್ನೇ ಹುಡುಕಿ ಕೊಂಡು ಆಗಾಗ ತಿರುಗಿಸಿಡುತ್ತಾರೆ. ಹಿಂಭಾಗದಲ್ಲಿ ಗೊನೆ ಬಾಳೆ ತೂಗುಹಾಕುವ ಉತ್ಸಾಹ ಹೊಸಬರಿಗೆ ಬಹಳ. ಅದು ಒಂದೇ ದಿನ ಪೂರ್ತಿ ಹಣ್ಣಾಗುತ್ತದೆ, ಆಮೇಲೆ ನಾಲ್ಕು ದಿನ ಎಲ್ಲರೂ ರಸಾಯನವನ್ನೇ ತಿನ್ನಬೇಕಾಗುತ್ತದೆ.

ಸುತ್ತ ನೀರು, ಕುಡಿಯಲು ಏನು? ಸ್ನಾನ?

ಕುಡಿಯುವುದಕ್ಕೂ ಅಡುಗೆಗೂ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಎಂದಿಟ್ಟುಕೊಂಡರೆ ನಾಲ್ವರಿಗೆ ಮೂವತ್ತು ದಿನಕ್ಕೆ 360 ಲೀಟರ್ ಬೇಕು. ಈ ಗಾತ್ರದ ದೋಣಿಯ ಟ್ಯಾಂಕಿನಲ್ಲಿ ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಈಗ ಅನೇಕ ದೋಣಿಗಳಲ್ಲಿ ರಿವರ್ಸ್ ಆಸ್ಮೋಸಿಸ್ ಯಂತ್ರ ಸಮುದ್ರದ ನೀರನ್ನೇ ಸಿಹಿನೀರಾಗಿಸುತ್ತದೆ. ಆದರೆ ಯಂತ್ರವನ್ನು ನಂಬಿ ಟ್ಯಾಂಕನ್ನು ಅರ್ಧ ತುಂಬಿಸಿ ಹೊರಡುವುದು ಅವಿವೇಕ. ಒಂದು ಟ್ಯಾಂಕ್ ಸೋರಿದರೂ ಎಲ್ಲ ನೀರು ಹೋಗದಂತೆ ಪ್ರತ್ಯೇಕ ಕ್ಯಾನುಗಳಲ್ಲೂ ನೀರಿಡಬೇಕು.

ಸ್ನಾನ ಹಿಂಭಾಗದಲ್ಲಿ, ಬಕೆಟಿನಲ್ಲಿ ಎತ್ತಿದ ಸಮುದ್ರದ ನೀರಿನಲ್ಲಿ. ಸಾಮಾನ್ಯ ಸೋಪು ಉಪ್ಪುನೀರಿನಲ್ಲಿ ನೊರೆ ಬರುವುದಿಲ್ಲ, ಶಾಂಪೂ ಬರುತ್ತದೆ. ಕೊನೆಗೆ ಒಂದು ಲೀಟರ್ ಸಿಹಿನೀರಿನಲ್ಲಿ ಮೈ ತೊಳೆದುಕೊಳ್ಳಲೇಬೇಕು. ಚರ್ಮದ ಮೇಲೆ ಉಳಿದ ಉಪ್ಪು ತೇವವನ್ನು ಹಿಡಿದಿಟ್ಟು, ಕೂತಲ್ಲಿ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ.

ಕೇಳಲು ಮುಜುಗರ, ಆದರೂ... ಶೌಚಕ್ಕೆ?

ಸಣ್ಣ ಕೋಣೆಯೊಂದರಲ್ಲಿ ಸಮುದ್ರದ ನೀರನ್ನು ಒಳಗೆಳೆದು ಹೊರಗೆ ತಳ್ಳುವ ಕೈಪಂಪಿನ ಕಮೋಡ್ ಇರುತ್ತದೆ. ಎಲ್ಲರೂ, ಗಂಡಸರೂ ಸೇರಿದಂತೆ, ಕುಳಿತೇ ಉಪಯೋಗಿಸಬೇಕು. ಮೊದಲು ಹೊಟ್ಟೆಗೆ ಹೋಗಿರದ ಯಾವುದನ್ನೂ ಅದರೊಳಗೆ ಹಾಕಬಾರದು ಎಂಬುದು ಎಲ್ಲ ದೋಣಿಗಳ ನಿಯಮ. ಕಟ್ಟಿಕೊಂಡ ಪಂಪನ್ನು ಬಿಚ್ಚಿ ತೆರೆಯುವ ಕೆಲಸ ಯಾರ ಪಾಲಿಗೆ ಬರುತ್ತದೋ ಅವರ ಮುಖ ನೋಡಿದವರು ಆ ನಿಯಮವನ್ನು ಮತ್ತೆ ಮೀರುವುದಿಲ್ಲ.

ಕಸವನ್ನು ಸಮುದ್ರಕ್ಕೆ ಎಸೆಯುತ್ತೀರಾ?

ಪ್ಲಾಸ್ಟಿಕ್ಕನ್ನು ಎಲ್ಲಿಯೂ, ಎಂದಿಗೂ ಎಸೆಯುವಂತಿಲ್ಲ. ಹಡಗುಗಳ ಮಾಲಿನ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಮಾರ್‌ಪೋಲ್ ಅದನ್ನು ಪೂರ್ತಿ ನಿಷೇಧಿಸಿದೆ. ಅಡುಗೆಮನೆಯ ಸಿಪ್ಪೆ ಮತ್ತು ಉಳಿದ ಆಹಾರವನ್ನು ದಡದಿಂದ ಹನ್ನೆರಡು ಮೈಲಿಗಿಂತ ಹೊರಗೆ ಹಾಕಬಹುದು. ಉಳಿದದ್ದನ್ನೆಲ್ಲ ಸಮುದ್ರದ ನೀರಿನಲ್ಲಿ ಜಾಲಿಸಿ, ಸಣ್ಣಗೆ ಕತ್ತರಿಸಿ, ಚೀಲದಲ್ಲಿ ಒತ್ತಿ ಕಟ್ಟಿಡುತ್ತಾರೆ. ಹೊರಡುವ ಮುನ್ನವೇ ಪೊಟ್ಟಣಗಳನ್ನು ಬಿಚ್ಚಿ ಡಬ್ಬಿಗಳಿಗೆ ತುಂಬಿದರೆ ಮೂರು ವಾರದ ಕಸ ಒಂದೆರಡು ಚೀಲಗಳಲ್ಲಿ ಮುಗಿಯುತ್ತದೆ.

ಮೂರು ವಾರ ಅದೇ ಮೂರು ಮುಖ. ಜಗಳ ಆಗುವುದಿಲ್ಲವೇ?

ಆಗುತ್ತದೆ, ಸಾಮಾನ್ಯವಾಗಿ ಅತಿ ಚಿಕ್ಕ ವಿಷಯಕ್ಕೆ: ಕೊನೆಯ ಬಿಸ್ಕತ್ತು ಯಾರು ತಿಂದರು, ಟಾರ್ಚನ್ನು ಅದರ ಜಾಗದಲ್ಲಿ ಯಾರು ಇಡಲಿಲ್ಲ. ಹಳಬರು ಇದಕ್ಕೆ ಕಂಡುಕೊಂಡಿರುವ ಉಪಾಯ, ದಿನಕ್ಕೊಂದು ಊಟವನ್ನಾದರೂ ನಾಲ್ವರೂ ಒಟ್ಟಿಗೆ ಕುಳಿತು ಮಾಡುವುದು. ಅಸಮಾಧಾನವನ್ನು ಅಲ್ಲಿಯೇ ಹೇಳಿ ಮುಗಿಸಬೇಕು. ಸ್ಕಿಪ್ಪರ್, ನಮ್ಮ ಕರಾವಳಿಯ ಮೀನುಗಾರರ ಮಾತಿನಲ್ಲಿ ತಾಂಡೇಲ, ಹೇಳಿದ್ದೇ ಕೊನೆಯ ಮಾತೆಂಬುದನ್ನು ಬಂದರಿನಲ್ಲಿಯೇ ಎಲ್ಲರೂ ಒಪ್ಪಿರಬೇಕು. ಹಾಯಿ ಇಳಿಸಬೇಕೋ ಬೇಡವೋ ಎಂಬುದನ್ನು ನಡುರಾತ್ರಿ ಮತಕ್ಕೆ ಹಾಕಲಾಗುವುದಿಲ್ಲ.

ಮನೆಯವರೊಂದಿಗೆ ಮಾತನಾಡಬಹುದೇ?

ಹಿಂದೆ ದೂರಗಾಮಿ ರೇಡಿಯೋ, ಆಮೇಲೆ ಇರಿಡಿಯಂ ಉಪಗ್ರಹ ಫೋನ್, ಈಗ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್. ಕೊನೆಯದು ಬಂದ ಮೇಲೆ ನಡುಸಾಗರದಿಂದ ವಿಡಿಯೋ ಕರೆ ಮಾಡುವವರೂ ಇದ್ದಾರೆ. ಅದರ ಉಪಯೋಗ ಹವಾಮಾನ ಮತ್ತು ವೈದ್ಯಕೀಯ ಸಲಹೆಗೆ ಇರಲಿ, ಉಳಿದ ಹೊತ್ತು ಆರಿಸಿಡಬೇಕೆಂಬ ಪಕ್ಷ ನನ್ನದು. ಮನೆಯವರಿಗೆ ಒಂದು ಮಾತನ್ನು ಮೊದಲೇ ಹೇಳಿರಬೇಕು: ಎರಡು ದಿನ ಸುದ್ದಿ ಬರದಿದ್ದರೆ ಆಂಟೆನಾ ಕೆಟ್ಟಿರಬಹುದು, ಗಾಬರಿಯಾಗಬೇಕಿಲ್ಲ.

## ಹಾಯಿ, ಗಾಳಿ, ಸಲಕರಣೆ

ಯಾವಾಗಲೂ ಒಬ್ಬರು ಚುಕ್ಕಾಣಿ ಹಿಡಿದೇ ಇರಬೇಕೇ?

ಬೇಕಿಲ್ಲ. ಬಹುಪಾಲು ಹೊತ್ತು ದೋಣಿಯನ್ನು ವಿದ್ಯುತ್ ಆಟೋಪೈಲಟ್ ಅಥವಾ ಗಾಳಿರೆಕ್ಕೆಯ ಚಾಲಕ ನಡೆಸುತ್ತದೆ. ಎರಡನೆಯದಕ್ಕೆ ವಿದ್ಯುತ್ ಬೇಡ. ಹಿಂಭಾಗದಲ್ಲಿ ನಿಲ್ಲಿಸಿದ ರೆಕ್ಕೆ ಗಾಳಿಗೆ ವಾಲಿದಾಗ ಅದಕ್ಕೆ ಜೋಡಿಸಿದ ಭಾಗಗಳು ಚುಕ್ಕಾಣಿಯನ್ನು ತಿರುಗಿಸಿ ದೋಣಿಯನ್ನು ಗಾಳಿಯ ಅದೇ ಕೋನಕ್ಕೆ ಮರಳಿಸುತ್ತವೆ. 1960ರಲ್ಲಿ ನಡೆದ ಮೊದಲ ಒಂಟಿ ನಾವಿಕರ ಅಟ್ಲಾಂಟಿಕ್ ಸ್ಪರ್ಧೆಯಲ್ಲಿ ಬ್ಲಾಂಡಿ ಹ್ಯಾಸ್ಲರ್ ಇಂಥ ಸಾಧನವನ್ನು ಬಳಸಿ ಅದರ ಸಾಮರ್ಥ್ಯ ತೋರಿಸಿದರು. ಅದು ಗಾಳಿಯನ್ನು ಅನುಸರಿಸುತ್ತದೆ, ದಿಕ್ಸೂಚಿಯನ್ನಲ್ಲ. ಗಾಳಿ ತಿರುಗಿದರೆ ದೋಣಿಯೂ ಸದ್ದಿಲ್ಲದೆ ತಿರುಗಿರುತ್ತದೆ, ಅದನ್ನು ಪಾಳಿಯವರು ಗಮನಿಸಬೇಕು.

ಆಟೋಪೈಲಟ್ ಮತ್ತು ಫ್ರಿಜ್ ಎರಡೇ ಬ್ಯಾಟರಿಯ ಬಹುಭಾಗವನ್ನು ತಿಂದುಹಾಕುತ್ತವೆ. ಅದನ್ನು ಸೌರಫಲಕ ಮತ್ತು ದೋಣಿಯ ಹಿಂದೆ ನೀರಿನಲ್ಲಿ ತಿರುಗುವ ಜನರೇಟರ್ ತುಂಬಿಕೊಡುತ್ತವೆ. 2011ರಿಂದ ಉಷ್ಣವಲಯದ ಅಟ್ಲಾಂಟಿಕ್‌ನಲ್ಲಿ ವಿಪರೀತವಾಗಿ ಹಬ್ಬಿರುವ ಸರ್ಗಾಸಮ್ ಎಂಬ ಕಂದು ಪಾಚಿ ಈ ಜನರೇಟರಿಗೂ ಚುಕ್ಕಾಣಿಗೂ ಸುತ್ತಿಕೊಂಡು ಕಾಡುತ್ತದೆ.

ದಾರಿಯಲ್ಲಿ ಹೆಚ್ಚಾಗಿ ಕೆಡುವುದು ಯಾವುದು?

ಉಜ್ಜುವಿಕೆಗೆ ಸಿಕ್ಕಿದ ಯಾವುದಾದರೂ ಕೆಡುತ್ತದೆ. ಗಾಳಿ ಹಿಂದಿನಿಂದ ಬರುವಾಗ ದೋಣಿ ಎಡಕ್ಕೂ ಬಲಕ್ಕೂ ಇಪ್ಪತ್ತು ಡಿಗ್ರಿಯವರೆಗೆ ಹೊರಳಾಡುತ್ತದೆ. ನಿಮಿಷಕ್ಕೆ ಹತ್ತರಂತೆ ಹೊರಳಿದರೂ ದಿನಕ್ಕೆ ಹದಿನಾಲ್ಕು ಸಾವಿರ ಸಲವಾಯಿತು. ಪ್ರತಿ ಹೊರಳಿಗೂ ಹಗ್ಗವೊಂದು ಅದೇ ಗಾಲಿಯ ಮೇಲೆ ಅರ್ಧ ಅಂಗುಲ ಜಾರಿ ಮರಳುತ್ತದೆ, ಹಾಯಿಯ ಅದೇ ಮಡಿಕೆ ಅದೇ ತಂತಿಗೆ ತಗಲುತ್ತದೆ. ಆದ್ದರಿಂದ ಬೆಳಗ್ಗೆ ಮೊದಲ ಕೆಲಸವೆಂದರೆ ದೋಣಿಯನ್ನು ಒಂದು ಸುತ್ತು ಹಾಕುವುದು. ಹಾಯಿ ಎತ್ತುವ ಹಗ್ಗವನ್ನು ಒಂದೆರಡು ಅಂಗುಲ ಎಳೆದೋ ಸಡಿಲಿಸಿಯೋ ಉಜ್ಜುವ ಜಾಗವನ್ನು ಬದಲಿಸಬೇಕು, ಕಿತ್ತ ಹೊಲಿಗೆಗೆ ಟೇಪ್ ಹಚ್ಚಬೇಕು, ಸಡಿಲವಾದ ಪಿನ್ನು, ನಟ್ಟುಗಳನ್ನು ಬಿಗಿ ಮಾಡಬೇಕು. ಡೆಕ್ಕಿನ ಮೇಲೆ ಒಂದು ಸ್ಪ್ಲಿಟ್ ಪಿನ್ ಬಿದ್ದಿರುವುದು ಕಂಡರೆ ಅದು ಯಾವ ಜಾಗದಿಂದ ಬಿತ್ತೆಂದು ತಿಳಿಯುವವರೆಗೆ ತಿಂಡಿಗೆ ಕೂರಬಾರದು. ರಾತ್ರಿ ಹಾರಿ ಬಿದ್ದ ಹಾರುಮೀನುಗಳನ್ನು ಹೆಕ್ಕುವುದೂ ಇದೇ ಸುತ್ತಿನಲ್ಲಿ ಆಗುತ್ತದೆ.

ಹಿಂದಿನಿಂದ ಗಾಳಿ ಬಂದರೆ ಸುಲಭವಲ್ಲವೇ? ಅದರಲ್ಲೇನು ಕಷ್ಟ?

ಸುಲಭವಾಗಿ ಕಾಣುವುದೇ ಕಷ್ಟ. ದೊಡ್ಡ ಹಾಯಿಯ ಕೆಳಗಿನ ಅಡ್ಡತೊಲೆಯಾದ ಬೂಮ್ ಒಂದು ಬದಿಗೆ ಪೂರ್ತಿ ಚಾಚಿಕೊಂಡಿರುತ್ತದೆ. ದೋಣಿ ಸ್ವಲ್ಪ ಅಡ್ಡ ತಿರುಗಿ ಗಾಳಿ ಹಾಯಿಯ ಹಿಂಬದಿಗೆ ಹೊಕ್ಕರೆ ಆ ತೊಲೆ ಕ್ಷಣಾರ್ಧದಲ್ಲಿ ಇನ್ನೊಂದು ಬದಿಗೆ ಬೀಸಿ ಹೋಗುತ್ತದೆ. ದಾರಿಯಲ್ಲಿ ಸಿಕ್ಕಿದ ತಲೆಗೂ ಹಾಯಿಕಂಬಕ್ಕೂ ಅದು ಮಾರಕ. ಇದನ್ನು ತಡೆಯಲು ಬೂಮಿನ ತುದಿಯಿಂದ ದೋಣಿಯ ಮೂತಿಗೆ ಹಗ್ಗ ಬಿಗಿಯುತ್ತಾರೆ. ಅನೇಕರು ದೊಡ್ಡ ಹಾಯಿಯ ಗೋಜೇ ಬೇಡವೆಂದು ಎರಡು ಮುಂಭಾಗದ ಹಾಯಿಗಳನ್ನು ಎಡಕ್ಕೊಂದು ಬಲಕ್ಕೊಂದು ಕೋಲು ಕೊಟ್ಟು ಬಿಚ್ಚುತ್ತಾರೆ. ಹೊರಳಾಟ ಹೆಚ್ಚಾದರೂ ರಾತ್ರಿ ನೆಮ್ಮದಿ ಇರುತ್ತದೆ.

ವಾಣಿಜ್ಯ ಮಾರುತಗಳ ವಲಯದಲ್ಲಿ ರಾತ್ರಿ ಹೊತ್ತು ಕಪ್ಪು ಮೋಡದ ಗೋಪುರಗಳು ಮಳೆ ಹೊತ್ತು ಬರುತ್ತವೆ. ಇಪ್ಪತ್ತು ನಾಟ್ ಇದ್ದ ಗಾಳಿ ಹತ್ತು ನಿಮಿಷ ಮೂವತ್ತೈದಕ್ಕೆ ಏರಿ ಮತ್ತೆ ಇಳಿಯುತ್ತದೆ. ರೇಡಾರ್ ಇದ್ದರೆ ಅದರಲ್ಲಿ ಮಳೆ ಕಾಣುತ್ತದೆ, ಇಲ್ಲದಿದ್ದರೆ ನಕ್ಷತ್ರಗಳು ಅಳಿಸಿಹೋಗುತ್ತಿರುವ ದಿಕ್ಕನ್ನು ನೋಡಬೇಕು. ಕತ್ತಲಾಗುವ ಮುನ್ನವೇ ಹಾಯಿಯನ್ನು ಒಂದು ಮಡಿಕೆ ಕಿರಿದು ಮಾಡಿಡುವವರು ರಾತ್ರಿಗೆ ಹತ್ತು ಮೈಲಿ ಕಳೆದುಕೊಳ್ಳುತ್ತಾರೆ, ಮೂವರ ನಿದ್ದೆಯನ್ನು ಉಳಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಲಾಭದ ವ್ಯಾಪಾರ.

## ಅಪಾಯಗಳು

ನನಗೆ ಈಜು ಬರುವುದಿಲ್ಲ. ಹೋಗಬಹುದೇ?

ಈಜು ಕಲಿತು ಹೋಗುವುದೇ ಒಳ್ಳೆಯದು. ಆದರೆ ನಡುಸಾಗರದಲ್ಲಿ ಈಜು ಯಾರನ್ನೂ ಉಳಿಸುವುದಿಲ್ಲ. ಆರು ನಾಟ್ ವೇಗದ ದೋಣಿ ಒಂದು ನಿಮಿಷದಲ್ಲಿ ನೂರೆಂಬತ್ತು ಮೀಟರ್ ಮುಂದೆ ಹೋಗಿರುತ್ತದೆ. ಎರಡು ಮೀಟರ್ ಅಲೆಗಳ ನಡುವೆ ಅಷ್ಟು ದೂರದ ತಲೆಯೊಂದು ಕಾಣುವುದು ಬಹಳ ಕಷ್ಟ. ಕೋಲು ಕಟ್ಟಿದ ಹಾಯಿಗಳನ್ನು ಇಳಿಸಿ, ಗಾಳಿಗೆ ಎದುರಾಗಿ ಮರಳಲು ಹತ್ತು ನಿಮಿಷವಾದರೂ ಬೇಕು. ಹಾಗಾಗಿ ಬೀಳದಿರುವುದೊಂದೇ ಉಪಾಯ. ದೋಣಿಯ ಉದ್ದಕ್ಕೂ ಗಟ್ಟಿ ಪಟ್ಟಿ ಹಾಸಿರುತ್ತಾರೆ, ಮೈಗೆ ಕಟ್ಟಿದ ಪಟ್ಟಿಯ ಕೊಂಡಿಯನ್ನು ಅದಕ್ಕೆ ಸಿಕ್ಕಿಸಿಕೊಂಡೇ ಓಡಾಡಬೇಕು. ರಾತ್ರಿ ಮತ್ತು ಒಬ್ಬರೇ ಮೇಲಿರುವಾಗ ಈ ಕೊಂಡಿ ಕಡ್ಡಾಯ. ಒಬ್ಬರೇ ಇದ್ದಾಗ ಇನ್ನೊಬ್ಬರನ್ನು ಎಬ್ಬಿಸದೆ ಮುಂಭಾಗಕ್ಕೆ ಹೋಗುವಂತಿಲ್ಲ.

ದೊಡ್ಡ ಹಡಗು ಬಂದು ಗುದ್ದಿದರೆ? ಒಂಟಿ ನಾವಿಕರು ಮಲಗುವುದಾದರೂ ಹೇಗೆ?

ಎರಡಕ್ಕೂ ಒಂದೇ ಲೆಕ್ಕ. ಕಣ್ಣು ನೀರಿನಿಂದ ಮೂರು ಮೀಟರ್ ಎತ್ತರದಲ್ಲಿದ್ದರೆ ದಿಗಂತ ಮೂರೂವರೆ ಮೈಲಿಗಿಂತ ಸ್ವಲ್ಪವಷ್ಟೇ ಆಚೆ ಇರುತ್ತದೆ. ಹಡಗಿನ ದೀಪಗಳು ಎತ್ತರದಲ್ಲಿರುವುದರಿಂದ ಇನ್ನೂ ದೂರದಿಂದ ಕಾಣಬಹುದು, ಆದರೆ ಇಪ್ಪತ್ತು ನಾಟ್ ವೇಗದ ಹಡಗು ಆ ಮೂರೂವರೆ ಮೈಲಿಯನ್ನು ಹತ್ತೇ ನಿಮಿಷದಲ್ಲಿ ಕ್ರಮಿಸುತ್ತದೆ. ಆದ್ದರಿಂದಲೇ ಪಾಳಿಯವರು ಓದುತ್ತಿದ್ದರೂ ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ನೋಡಬೇಕು. ಹಡಗುಗಳು ತಮ್ಮ ಹೆಸರು, ದಿಕ್ಕು, ವೇಗಗಳನ್ನು ಬಿತ್ತರಿಸುವ ಎ.ಐ.ಎಸ್. ವ್ಯವಸ್ಥೆ ಈಗ ದೊಡ್ಡ ನೆರವು. ಆದರೆ ಎಲ್ಲ ಸಣ್ಣ ದೋಣಿಗಳಲ್ಲೂ ಅದು ಇರುವುದಿಲ್ಲ, ತೇಲುವ ಮರದ ದಿಮ್ಮಿಯಲ್ಲಂತೂ ಇಲ್ಲವೇ ಇಲ್ಲ.

ಒಂಟಿ ನಾವಿಕರು ಇಪ್ಪತ್ತೋ ಮೂವತ್ತೋ ನಿಮಿಷಕ್ಕೆ ಅಲಾರಾಂ ಇಟ್ಟು ತುಣುಕು ನಿದ್ದೆ ಮಾಡುತ್ತಾರೆ, ಹಡಗುದಾರಿಗಳಿಂದ ದೂರವಾದಾಗ ಹೆಚ್ಚು ಹೊತ್ತು ಮಲಗುತ್ತಾರೆ. ಎಲ್ಲ ಹೊತ್ತಿನಲ್ಲೂ ಸರಿಯಾದ ಕಾವಲಿರಬೇಕೆಂದು ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳ ಐದನೆಯ ನಿಯಮ ಹೇಳುತ್ತದೆ. ಒಂಟಿ ಯಾನ ಎಷ್ಟೇ ಮೆಚ್ಚುವಂಥದ್ದಾದರೂ ಈ ನಿಯಮದೊಡನೆ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ.

ತಿಮಿಂಗಿಲ, ಶಾರ್ಕ್‌ಗಳ ಭಯವಿಲ್ಲವೇ?

ಶಾರ್ಕ್‌ನ ಭಯವಿಲ್ಲ. ಮಲಗಿದ ತಿಮಿಂಗಿಲಕ್ಕೆ ದೋಣಿ ತಾಗುವುದು ಅಪರೂಪವಾದರೂ ನಡೆದಿದೆ. 2020ರಿಂದ ಈಚೆಗೆ ಜಿಬ್ರಾಲ್ಟರ್ ಜಲಸಂಧಿ ಮತ್ತು ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾಗಳ (ಕೊಲೆಗಾರ ತಿಮಿಂಗಿಲಗಳ) ಒಂದು ಗುಂಪು ಹಾಯಿದೋಣಿಗಳ ಚುಕ್ಕಾಣಿಗಳನ್ನು ಮುರಿಯುತ್ತಿದೆ, ಕೆಲವು ದೋಣಿಗಳು ಮುಳುಗಿಯೂ ಇವೆ. ಆದ್ದರಿಂದ ಕ್ಯಾನರಿಗೆ ಬರುವ ದಾರಿಯಲ್ಲಿ ಹೆಚ್ಚಿನ ಎಚ್ಚರ ಬೇಕು.

ಕಾಯಿಲೆಯಾದರೆ ಅಥವಾ ದೋಣಿ ಮುಳುಗಿದರೆ ಯಾರು ಬರುತ್ತಾರೆ? ಎಷ್ಟು ಹೊತ್ತಿಗೆ?

ನಡುದಾರಿಯಲ್ಲಿ ಹೆಲಿಕಾಪ್ಟರ್ ತಲುಪುವುದಿಲ್ಲ. ಇ.ಪಿ.ಐ.ಆರ್.ಬಿ. ಎಂಬ ಸಾಧನ 406 ಮೆಗಾಹರ್ಟ್ಸ್‌ನಲ್ಲಿ ಕೊಡುವ ಸಂಕೇತವನ್ನು ಕಾಸ್ಪಾಸ್-ಸಾರ್ಸಾಟ್ ಉಪಗ್ರಹಗಳು ಹಿಡಿದು ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುತ್ತವೆ. ಕೇಂದ್ರದವರು ಹತ್ತಿರದ ಹಡಗನ್ನು ದಾರಿ ತಿರುಗಿಸಿ ಕಳುಹಿಸುತ್ತಾರೆ. ಆ ಹತ್ತಿರವೆಂಬುದು ಒಂದೆರಡು ದಿನದ ದಾರಿಯೂ ಆಗಿರಬಹುದು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅಭಿಲಾಷ್ ಟಾಮಿಯವರ ದೋಣಿ ಬಿರುಗಾಳಿಗೆ ಮಗುಚಿ ಬೆನ್ನುಮೂಳೆಗೆ ತೀವ್ರ ಪೆಟ್ಟಾದಾಗ, ನೌಕಾಪಡೆಯ ವಿಮಾನ ಅವರನ್ನು ಗುರುತಿಸಿದರೂ, ಫ್ರೆಂಚ್ ಮೀನುಗಾರಿಕೆ ಕಾವಲು ನೌಕೆ ಒಸಿರಿಸ್ ಅವರನ್ನು ಎತ್ತಿಕೊಂಡದ್ದು 24ರಂದು. ಅಲ್ಲಿಯವರೆಗೆ ಅವರು ಅಲುಗಾಡಲಾಗದೆ ಮಲಗಿಯೇ ಇರಬೇಕಾಯಿತು.

ಇದರಿಂದ ತಯಾರಿಯ ರೀತಿಯೇ ಬದಲಾಗುತ್ತದೆ. ಹಲ್ಲು ಪರೀಕ್ಷೆ ಮಾಡಿಸಿಕೊಂಡು ಹೊರಡಬೇಕು, ಏಕೆಂದರೆ ಹಲ್ಲಿನ ಬೇರಿನ ಸೋಂಕು ನಡುದಾರಿಯಲ್ಲಿ ನರಕ. ಗಾಯ ಹೊಲಿಯುವ, ಮೂಳೆಗೆ ಪಟ್ಟಿ ಕಟ್ಟುವ ತರಬೇತಿ ಕನಿಷ್ಠ ಇಬ್ಬರಿಗಿರಬೇಕು. ಔಷಧಿಪೆಟ್ಟಿಗೆಯಲ್ಲಿ ಆ್ಯಂಟಿಬಯೋಟಿಕ್‌ಗಳೂ ಬಲವಾದ ನೋವು ನಿವಾರಕಗಳೂ ವೈದ್ಯರ ಚೀಟಿಯೊಡನೆ ಇರಬೇಕು.

## ತಯಾರಿ ನಡೆಸುತ್ತಿರುವವರಿಗೆ

ಜಿ.ಪಿ.ಎಸ್. ಕೈಕೊಟ್ಟರೆ? ಸೆಕ್ಸ್‌ಟೆಂಟ್ ಕಲಿಯಲೇಬೇಕೇ?

ಜಿ.ಪಿ.ಎಸ್. ಇರುವ ಫೋನುಗಳೇ ದೋಣಿಯಲ್ಲಿ ನಾಲ್ಕೈದು ಇರುತ್ತವೆ. ಸಿಡಿಲಿನ ಮೋಡ ಕಂಡಾಗ ಒಂದನ್ನು ಲೋಹದ ಒವೆನ್ನಿನೊಳಗೆ ಇಡುವುದು ವಾಡಿಕೆ. ಆದರೂ ಸೆಕ್ಸ್‌ಟೆಂಟ್ ಎಂಬ ಕೋನಮಾಪಕದಿಂದ ನಡುಮಧ್ಯಾಹ್ನದ ಸೂರ್ಯನ ಎತ್ತರ ಅಳೆದು ಅಕ್ಷಾಂಶ ಕಂಡುಹಿಡಿಯುವುದನ್ನಾದರೂ ಕಲಿಯುವುದು ಒಳ್ಳೆಯದು. ಒಂದು ಕೋಷ್ಟಕ, ಒಂದು ಕೂಡುವಿಕೆ, ಒಂದು ಕಳೆಯುವಿಕೆ, ಅಷ್ಟೇ. ರೇಖಾಂಶಕ್ಕೆ ನಿಖರವಾದ ಗಡಿಯಾರ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನಾಲ್ಕು ಸೆಕೆಂಡಿನ ತಪ್ಪು ಸಮಭಾಜಕದ ಬಳಿ ಒಂದು ಮೈಲಿಯ ತಪ್ಪಾಗುತ್ತದೆ. ಅದಕ್ಕಿಂತಲೂ ಮುಖ್ಯವಾದದ್ದು, ಪ್ರತಿ ಗಂಟೆ ಅಲ್ಲವಾದರೆ ಪ್ರತಿ ಪಾಳಿಯ ಕೊನೆಗೆ ಸ್ಥಾನ, ದಿಕ್ಕು, ವೇಗಗಳನ್ನು ಕಾಗದದ ಪುಸ್ತಕದಲ್ಲಿ ಬರೆದಿಡುವುದು. ಎಲ್ಲ ಪರದೆಗಳೂ ಆರಿಹೋದರೂ ಕೊನೆಯ ಬರಹದಿಂದ ಪಶ್ಚಿಮಕ್ಕೆ ಲೆಕ್ಕ ಹಾಕುತ್ತಾ ಹೋಗಬಹುದು.

ಗಡಿಯಾರವನ್ನು ಯಾವಾಗ ಬದಲಿಸುವುದು?

ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಕ್ಕೆ ರೇಖಾಂಶದ ಅಂತರ ಸುಮಾರು 46 ಡಿಗ್ರಿ, ಸೂರ್ಯನ ಲೆಕ್ಕದಲ್ಲಿ ಮೂರು ಗಂಟೆ. ಅಧಿಕೃತ ಸಮಯದ ಅಂತರ ಚಳಿಗಾಲದಲ್ಲಿ ನಾಲ್ಕು ಗಂಟೆ. ದಿನಚರಿ ಪುಸ್ತಕವನ್ನು ಗ್ರೀನಿಚ್ ಸಮಯದಲ್ಲೇ ಬರೆದು, ಊಟದ ಗಡಿಯಾರವನ್ನು ಐದಾರು ದಿನಕ್ಕೊಮ್ಮೆ ಒಂದು ಗಂಟೆ ಹಿಂದಿಡುವುದು ಅನುಕೂಲ. ಹಿಂದಿಡುವುದನ್ನು ಹಗಲಿನಲ್ಲಿ, ಎಲ್ಲರೂ ಎದ್ದಿರುವಾಗ ಮಾಡಬೇಕು. ಹೆಚ್ಚುವರಿ ಒಂದು ಗಂಟೆ ಯಾರ ರಾತ್ರಿಪಾಳಿಗೆ ಸೇರಬೇಕೆಂಬ ವಾದಕ್ಕೆ ಅವಕಾಶವಿರುವುದಿಲ್ಲ.

ನೇರವಾಗಿ ಹೋಗುವುದೋ, ಕೇಪ್ ವರ್ಡೆಯಲ್ಲಿ ನಿಂತು ಹೋಗುವುದೋ?

ಮೊದಲ ಸಲ ಹೋಗುವವರಿಗೆ ಆಫ್ರಿಕಾದ ಪಶ್ಚಿಮಕ್ಕಿರುವ ದ್ವೀಪದೇಶ ಕೇಪ್ ವರ್ಡೆಯ ಮಿಂದೆಲೋ ಬಂದರಿನಲ್ಲಿ ನಿಂತು ಹೋಗುವುದನ್ನೇ ನಾನು ಸೂಚಿಸುತ್ತೇನೆ. ಅದು ಕ್ಯಾನರಿಯಿಂದ ಸುಮಾರು 850 ಮೈಲಿ, ಅಂದರೆ ಆರೇಳು ದಿನ. ಅಷ್ಟರಲ್ಲಿ ಯಾವ ಸಲಕರಣೆ ದುರ್ಬಲ, ಯಾವ ಸಂಗಡಿಗರಿಗೆ ಸಮುದ್ರ ಒಗ್ಗುವುದಿಲ್ಲ ಎಂಬುದು ತಿಳಿದುಹೋಗುತ್ತದೆ. ಗಾಳಿಯ ದೃಷ್ಟಿಯಿಂದಲೂ ಇದು ತಕ್ಕ ದಾರಿ. ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ಹೋಗಿ ಆಮೇಲೆ ಪಶ್ಚಿಮಕ್ಕೆ ತಿರುಗಬೇಕೆಂಬ ಹಳೆಯ ನಾವಿಕರ ಮಾತು ಹೇಳುವುದೂ ವಾಣಿಜ್ಯ ಮಾರುತಗಳ ವಲಯಕ್ಕೆ ಮೊದಲು ಇಳಿಯಬೇಕೆಂಬುದನ್ನೇ. ನೇರ ಪಶ್ಚಿಮಕ್ಕೆ ಹೊರಟವರು ದೂರ ಉಳಿಸಿದರೂ ಉತ್ತರಕ್ಕಿರುವ, ಗಾಳಿಯಿಲ್ಲದ ವಲಯದಲ್ಲಿ ಸಿಲುಕಿ ದಿನಗಳನ್ನು ಕಳೆದುಕೊಳ್ಳಬಹುದು.

ನನ್ನ ಬಳಿ ದೋಣಿಯಿಲ್ಲ. ಬೇರೆಯವರ ದೋಣಿಯಲ್ಲಿ ಸೇರಿಕೊಳ್ಳುವುದು ಹೇಗೆ?

ಪಾಳಿಗೆ ಜನ ಬೇಕಾಗಿರುವ ಮಾಲೀಕರು ನವೆಂಬರಿನಲ್ಲಿ ಲಾಸ್ ಪಾಲ್ಮಾಸ್ ಬಂದರಿನಲ್ಲಿ ಸಿಗುತ್ತಾರೆ. ಊಟದ ಖರ್ಚು ಹಂಚಿಕೊಳ್ಳುವುದು ಸಾಮಾನ್ಯ ಒಪ್ಪಂದ. ಕ್ಯಾನರಿ ಸ್ಪೇನಿನ ಭಾಗವಾದ್ದರಿಂದ ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ವೀಸಾ ಬೇಕು. ಇಳಿಯುವ ದ್ವೀಪದ ವೀಸಾ ನಿಯಮವನ್ನೂ ಅಲ್ಲಿಂದ ಮರಳುವ ವಿಮಾನದ ದಾರಿಯಲ್ಲಿ ಸಿಗುವ ದೇಶಗಳ ನಿಯಮವನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಒಪ್ಪುವ ಮುನ್ನ ಎರಡು ದಿನವಾದರೂ ಆ ದೋಣಿಯಲ್ಲಿ ಸಮುದ್ರಕ್ಕೆ ಹೋಗಿಬನ್ನಿ. ಜೀವರಕ್ಷಕ ತೆಪ್ಪದ ತಪಾಸಣೆಯ ದಿನಾಂಕ ಕೇಳಿ ನೋಡಿ, ಹಡಗಿನ ತಳದಲ್ಲಿ ನೀರು ಒಳಬರುವ ಪ್ರತಿ ಕವಾಟವನ್ನೂ ತೋರಿಸಲು ಹೇಳಿ. ಇವನ್ನು ಕೇಳಿದ್ದಕ್ಕೆ ಸಿಡುಕುವ ಮಾಲೀಕರ ಜೊತೆ ಮೂರು ವಾರ ಕಳೆಯಬೇಕಿಲ್ಲ.

ದಡ ಕಂಡ ಮೇಲೆ ನೇರವಾಗಿ ಇಳಿದುಬಿಡಬಹುದೇ?

ಕತ್ತಲಲ್ಲಿ ತಲುಪುವುದಾದರೆ ಅಪರಿಚಿತ ಬಂದರಿಗೆ ನುಗ್ಗಬಾರದು. ಹಾಯಿಯನ್ನೂ ಚುಕ್ಕಾಣಿಯನ್ನೂ ಪರಸ್ಪರ ವಿರುದ್ಧವಾಗಿ ಕಟ್ಟಿ ದೋಣಿಯನ್ನು ದಡದಿಂದ ದೂರದಲ್ಲೇ ನಿಧಾನವಾಗಿ ತೇಲಬಿಟ್ಟು ಬೆಳಗಾಗುವವರೆಗೆ ಕಾಯಬೇಕು. ಮೂರು ವಾರ ಕಾದವರಿಗೆ ಈ ಆರು ಗಂಟೆ ಸಹಿಸುವುದೇ ಕಷ್ಟ, ಅನೇಕ ದೋಣಿಗಳು ಬಂಡೆಗೆ ತಾಗುವುದೂ ಇಂಥ ಆತುರದಲ್ಲಿಯೇ. ಬಂದರು ಸೇರಿದ ಮೇಲೆ ಹಳದಿ ಬಾವುಟ ಏರಿಸಿ, ಸ್ಕಿಪ್ಪರ್ ಒಬ್ಬರೇ ಎಲ್ಲರ ಪಾಸ್‌ಪೋರ್ಟು ಮತ್ತು ಹಿಂದಿನ ಬಂದರಿನ ನಿರ್ಗಮನ ಪತ್ರವನ್ನು ಹಿಡಿದು ವಲಸೆ ಮತ್ತು ಕಸ್ಟಮ್ಸ್ ಕಚೇರಿಗಳಿಗೆ ಹೋಗಬೇಕು. ಅನುಮತಿ ಸಿಕ್ಕಿದ ಮೇಲೆ ಹಳದಿ ಬಾವುಟ ಇಳಿಸಿ ಆ ದೇಶದ ಬಾವುಟ ಹಾರಿಸುತ್ತಾರೆ, ಆಗಷ್ಟೇ ಉಳಿದವರು ಇಳಿಯಬಹುದು. ಉಳಿದಿರುವ ಹಣ್ಣು ತರಕಾರಿಗಳನ್ನು ದಡಕ್ಕೆ ಒಯ್ಯಲು ಹಲವು ದ್ವೀಪಗಳಲ್ಲಿ ನಿರ್ಬಂಧವಿರುವುದರಿಂದ ಅದನ್ನೂ ಅಲ್ಲಿಯೇ ಕೇಳಿಕೊಂಡು ಬರುವುದು ಒಳ್ಳೆಯದು.